54 ಗುಂಡಿನ ಬೋರಮಾಳ

ಅವ್ವನ ಬೋರಮಾಳದಲ್ಲಿ 54 ಗುಂಡು. ಈ ಲೆಕ್ಕ ನನಗೆ ಮಗ್ಗಿಯಂತೆ ಬಾಯಿಪಾಠ. ಪ್ರತಿ ದೀಪಾವಳಿಗೆ ಅವ್ವ ಅದನ್ನು ಅಂಟವಾಳದ ನೀರಿನಲ್ಲಿ ತೊಳೆದು, ತಾಟಿನಲ್ಲಿಟ್ಟು, ನನ್ನ ಕಡೆಯಿಂದ ಎಣಿಕೆ ಮಾಡಿಸುತ್ತಿದ್ದಳು. ಬೋರೆಹಣ್ಣಿನಂಥ ಗುಂಡು, ಅದಕ್ಕೇ ಬೋರಮಾಳ. ಮೇಲೆ ತೆಳ್ಳನೆಯ ಬಂಗಾರದ ತಗಡು, ಒಳಗೆ ಅರಗು. ಕೊರಳಲ್ಲಿ ತುಂಬಿ ಕಾಣುತ್ತದೆ, ತಕ್ಕಡಿಯಲ್ಲಿ ಹಗುರ. ಧಾರವಾಡದ ಕಡೆ ನಮ್ಮಂಥ ಸಾದಾ ಮನೆತನದ ಹೆಣ್ಣುಮಕ್ಕಳು ಲಗ್ನಕಾರ್ಯಕ್ಕೆ ಹಾಕಿಕೊಳ್ಳುವ ದಾಗಿನ ಅದು.

2024ರ ಮೇ ತಿಂಗಳಲ್ಲಿ ಹಾವೇರಿಯ ಒಂದು ಮದುವೆಯಲ್ಲಿ, ಅಕ್ಕಿಕಾಳು ಹಾಕುವ ಗದ್ದಲದಲ್ಲಿ, ಯಾರದೋ ಬಳೆಗೆ ಸಿಕ್ಕು ಅದರ ದಾರ ಹರಿಯಿತು. ಹುಡುಗರು ಜಮಖಾನೆ ಎತ್ತಿ, ಕುರ್ಚಿ ಸರಿಸಿ, ಅಕ್ಕಿಯ ನಡುವಿನಿಂದ ಒಂದೊಂದೇ ಗುಂಡು ಆರಿಸಿಕೊಟ್ಟರು. 54ಕ್ಕೆ 54 ಸಿಕ್ಕವು. ಪುಣೆಗೆ ಬಂದ ಮೇಲೆ, ಪೇಠೆಗೆ ಹೋದಾಗ ಪಟವೇಗಾರರ ಹತ್ತಿರ ಪೋಣಿಸಿಕೊಂಡು ಬಂದರಾಯಿತೆಂದು ಅವನ್ನು ಹಳೆಯ ಕ್ಯಾಮೆರಾ ರೀಲಿನ ಕರಿ ಡಬ್ಬಿಯಲ್ಲಿ ಹಾಕಿ, ಕಪಾಟಿನಲ್ಲಿ ಇಳಕಲ್ ಸೀರೆಗಳ ಹಿಂದೆ ಇಟ್ಟೆ. ಇವತ್ತು ನಾಳೆ ಎನ್ನುತ್ತ ಅದು ಅಲ್ಲೇ ಉಳಿಯಿತು.

ಆ ವರ್ಷ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಮೊದಲು, ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವರು ಹೋದ ಮೇಲೆ ಎಣಿಸಿ ನೋಡಿದರೆ 52. ತಾಟಿನಲ್ಲಿ ಹರವಿ ಮೂರು ಸಲ ಎಣಿಸಿದೆ. ಮಲಗುವ ಕೋಣೆಯಲ್ಲಿ ಎರಡು ದಿನ ಒಬ್ಬನೇ ಕೆಲಸ ಮಾಡಿದ್ದು ಉತ್ತರಪ್ರದೇಶದ ಒಬ್ಬ ಹುಡುಗ, ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ನಾನು ಠೇಕೇದಾರನಿಗೆ ಫೋನು ಮಾಡಿ, ಹೀಗೀಗೆ ಆಗಿದೆ, ನಿಮ್ಮ ಹುಡುಗನನ್ನು ಕೇಳಿ ಎಂದೆ. ಅವನು ವಾದಕ್ಕೆ ನಿಲ್ಲಲಿಲ್ಲ. ಬಿಲ್ಲಿನಲ್ಲಿ 3,000 ರೂಪಾಯಿ ಕಡಿಮೆ ಕೊಡಿ ತಾಯಿ ಎಂದ. ನಾನು ಫೋನಿನಲ್ಲಿ ಮಾತಾಡುವಾಗ ನಮ್ಮ ಮನೆಗೆಲಸದವಳು ಅದೇ ಕೋಣೆಯಲ್ಲಿ ನೆಲ ಒರೆಸುತ್ತಿದ್ದಳು. ಫೋನು ಇಟ್ಟ ಮೇಲೆ ತಲೆಯೆತ್ತಿ, "ಹೌದ್ರಿ ಅಕ್ಕೋರ, ಆ ಹುಡುಗ ಕಪಾಟ ಹಂತ್ಯಾಕ ನಿಂತಿದ್ದ, ನಾ ನೋಡೀನಿ" ಅಂದಳು.

ಕಳ್ಳ ಯಾರೆಂದು ಗೊತ್ತಾಯಿತು, ಇನ್ನು ಅವನು ನಮ್ಮ ಮನೆಗೆ ಬರುವುದಿಲ್ಲ ಎಂದು ನಾನು ನಿಶ್ಚಿಂತಳಾದೆ. ಡಬ್ಬಿಯನ್ನು ಮತ್ತೆ ಅದೇ ಸೀರೆಗಳ ಹಿಂದೆ ಇಟ್ಟೆ.

ಆ ಕೆಲಸದವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಕರೆಯುತ್ತಿದ್ದುದೂ ತಂಗೀ ಎಂದೇ. ಯಾದಗಿರಿ ಕಡೆಯವಳು. ಗಂಡನ ಜೊತೆ ಬಿಲ್ಡಿಂಗ್ ಕೆಲಸಕ್ಕೆಂದು ಪುಣೆಗೆ ಬಂದು, ಬುಟ್ಟಿ ಹೊತ್ತು ಹೊತ್ತು ಸೊಂಟ ಸೋತ ಮೇಲೆ ಮುಸುರಿ ತಿಕ್ಕುವ ಕೆಲಸ ಹಿಡಿದಳು. ಮನೆ ಪರ್ವತಿ ಗುಡ್ಡದ ಮಗ್ಗುಲಿನ ಬಡವರ ಬಸ್ತಿಯಲ್ಲಿ. ಸಹಕಾರನಗರದ ನಮ್ಮ ಸೊಸೈಟಿಯಲ್ಲಿ ಐದು ಮನೆ ಮಾಡುತ್ತಿದ್ದಳು, ನಮ್ಮಲ್ಲಿ ಭಾಂಡೆ ಮತ್ತು ನೆಲ, ತಿಂಗಳಿಗೆ 2,800. ನಾನು "ಐತಿ" ಅಂದರೆ ಅವಳು "ಅದ" ಅನ್ನುವಳು. ಮನೆಯವರನ್ನು ಬಿಟ್ಟರೆ ಈ ಕಟ್ಟಡದಲ್ಲಿ ನಾನು ಕನ್ನಡ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆ. ಎಳ್ಳಮಾವಾಸ್ಯೆಗೆ ಊರಿಗೆ ಹೋದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸಜ್ಜಿ ರೊಟ್ಟಿಯ ಗಂಟು ಹೊತ್ತು ತರುತ್ತಿದ್ದಳು. ಅವ್ವ ಕೊನೆಯ ಒಂದು ವರ್ಷ ನಮ್ಮಲ್ಲೇ ಇದ್ದಾಗ ಅವಳಿಗೆ ಸ್ನಾನ ಮಾಡಿಸಿದ್ದು, ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಉಣಿಸಿದ್ದು ಎಲ್ಲ ಇವಳೇ. 2022ರಲ್ಲಿ ಅವ್ವ ತೀರಿಕೊಂಡ ದಿನ ಬೋರಮಾಳವನ್ನು ಅವ್ವನ ಕೊರಳಿಂದ ಬಿಚ್ಚಿ ನನ್ನ ಕೈಗೆ ಕೊಟ್ಟವಳೂ ಇವಳೇ.

2025ರ ಫೆಬ್ರವರಿಯ ಒಂದು ಗುರುವಾರ. ಸ್ವಾರಗೇಟಿನವರೆಗೆ ಹೋದವಳು ಕನ್ನಡಕ ಮರೆತದ್ದು ನೆನಪಾಗಿ ತಿರುಗಿ ಬಂದೆ. ಬಾಗಿಲು ಮುಂದೆ ಮಾಡಿತ್ತು. ಚಪ್ಪಲಿ ಬಿಡುತ್ತಿದ್ದಾಗ ಒಳಗಿನ ಕೋಣೆಯಿಂದ ಸಣ್ಣ ಸಪ್ಪಳ ಕೇಳಿತು. ಅರಗು ತುಂಬಿದ ಗುಂಡಿಗೆ ಝಣಝಣ ಎನ್ನುವ ದನಿ ಇಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಲುಗಿದರೆ ಒಣ ತೊಗರಿಕಾಳು ಅಲುಗಿದ ಹಾಗೆ ಕೇಳುತ್ತದೆ. ಹೋಗಿ ನೋಡಿದರೆ ಅವಳು ಕಪಾಟಿನ ಮುಂದೆ ನಿಂತಿದ್ದಾಳೆ. ಹೆಗಲ ಮೇಲೆ ಒರೆಸುವ ಅರಿವೆ, ಡಬ್ಬಿಯ ಬೂದು ಬಣ್ಣದ ಮುಚ್ಚಳ ತುಟಿಗಳ ನಡುವೆ, ಎಡ ಅಂಗೈಯಲ್ಲಿ ಒಂದು ಗುಂಡು.

ಇಬ್ಬರೂ ಮಾತಾಡಲಿಲ್ಲ. ಅವಳು ಗುಂಡನ್ನು ಡಬ್ಬಿಯೊಳಗೆ ಹಾಕಿದಳು. ಬಾಯಿಂದ ಮುಚ್ಚಳ ತೆಗೆದು, ಸೆರಗಿನಿಂದ ಒರೆಸಿ, ಒತ್ತಿ ಮುಚ್ಚಿದಳು. ಸೀರೆಗಳ ಹಿಂದೆ ಇದ್ದ ಜಾಗದಲ್ಲೇ ಇಟ್ಟು, ಮಡಿಕೆ ಕೆಟ್ಟಿದ್ದ ಒಂದು ಸೀರೆಯ ಅಂಚನ್ನು ಎಳೆದು ಸರಿಮಾಡಿದಳು. ಕಪಾಟು ಮುಚ್ಚಿದ ಮೇಲೆ ಅಲ್ಲೇ ನೆಲದ ಮೇಲೆ ಕೂತಳು.

"ಎಷ್ಟ ತಗೊಂಡಿ?"

"ಐದ್ರಿ."

"ಬಣ್ಣದವರು ಬಂದಾಗಿನವು?"

"ಅವೂ ನಾನಾ ರೀ."

ಐದು ಗುಂಡು ಹೋದದ್ದಕ್ಕಿಂತ ಆ ಕೊನೆಯ ಮಾತು ನನಗೆ ಹೆಚ್ಚು ಚುಚ್ಚಿತು. ಅವನು ಕಪಾಟಿನ ಹತ್ತಿರ ನಿಂತಿದ್ದ ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದವಳು ಅವಳು. ನನಗೆ ಸಿಟ್ಟು ನೆತ್ತಿಗೇರಿತು. ಇದ್ದಬದ್ದ ಮಾತೆಲ್ಲ ಆಡಿದೆ. ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಬಸ್ತಿಯ ಹೆಂಗಸರ ಭಿಶಿಯಲ್ಲಿ, ಅಂದರೆ ಚೀಟಿಯಲ್ಲಿ, ಮೊದಲೇ ದುಡ್ಡು ಎತ್ತಿ ಊರಿನ ಮನೆಗೆ ತಗಡು ಹಾಕಿಸಿದ್ದಾಳೆ. ತಿಂಗಳಿಗೆ 2,000 ಕಂತು, ತಪ್ಪುವ ಹಾಗಿಲ್ಲ. ಪಕ್ಕದ ಸೊಸೈಟಿಯಲ್ಲಿ ಮಾಡುತ್ತಿದ್ದ ಎರಡು ಮನೆಯವರು ಊರು ಬಿಟ್ಟು ಹೋದರು, ಲೆಕ್ಕ ತಪ್ಪಿತು. ಎರಡು ಗುಂಡು ಮಾರಿದ್ದಾಳೆ, ಮೂರನ್ನು ಬಸ್ತಿಯಲ್ಲೇ ಒಬ್ಬಳ ಹತ್ತಿರ ಒತ್ತೆ ಇಟ್ಟಿದ್ದಾಳೆ.

"ಕೇಳಿದ್ರ ನಾ ಕೊಡತಿದ್ದಿಲ್ಲೇನ?" ಅಂದೆ.

"ಮೊದ್ಲ ಇಸ್ಕೊಂಡಿದ್ದ ಇನ್ನಾ ತೀರಿದ್ದಿಲ್ಲಲ್ರಿ. ಮತ್ತ ಯಾ ಮಾರಿ ತಗೊಂಡು ಕೇಳ್ಲಿ?"

ಅದು ನಿಜ. ಆಗಸ್ಟಿನಲ್ಲಿ ಕೊಟ್ಟ ಮುಂಗಡದಲ್ಲಿ ತಿಂಗಳಿಗೆ 500ರಂತೆ ಮುರಿದುಕೊಳ್ಳುತ್ತಿದ್ದೆ, ಇನ್ನೂ ಎರಡು ತಿಂಗಳು ಬಾಕಿ ಇತ್ತು. ಆದರೆ ಬಡತನ ಇತ್ತು, ಅದಕ್ಕೇ ಕದ್ದಳು, ಅದರಲ್ಲಿ ತಪ್ಪೇನು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಬಸ್ತಿಯಲ್ಲಿ ಅವಳಿಗಿಂತ ತ್ರಾಸಿನಲ್ಲಿರುವ ನೂರು ಹೆಂಗಸರು ಬೇರೆಯವರ ಕಪಾಟಿಗೆ ಕೈ ಹಾಕದೆ ಬದುಕುತ್ತಿದ್ದಾರೆ. ಅದು ಅವಳಿಗೂ ಗೊತ್ತಿದೆ. ಅದಕ್ಕೇ ಅವಳು ಭಿಶಿಯ ಮಾತನ್ನು ನಾನು ಕೇಳಿದ ಮೇಲೆ ಹೇಳಿದಳೇ ಹೊರತು ತಾನಾಗಿ ಎತ್ತಲಿಲ್ಲ.

ಕೀಲಿಕೈ ಇಸಿದುಕೊಂಡು ಅವಳನ್ನು ಮನೆಗೆ ಕಳಿಸಿದೆ. ಆ ದಿನ ಕೆಲಸಕ್ಕೆ ಹೋಗಲಿಲ್ಲ. ತಾಟು ತಂದು ಎಣಿಸಿದೆ. 49.

ರಾತ್ರಿ ನಮ್ಮವರು ಒಂದೇ ಮಾತು ಹೇಳಿದರು: ಪೊಲೀಸರಿಗೆ ಹೇಳಬೇಕು. ಅವರು ಕಠೋರ ಮನುಷ್ಯರಲ್ಲ. ಕರೋನಾದಲ್ಲಿ ಮೂರು ತಿಂಗಳು ಅವಳು ಬರದಿದ್ದರೂ ಸಂಬಳ ಕೊಡೋಣ ಎಂದವರೇ ಅವರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. "ಇವತ್ತ ನಾವು ಸುಮ್ಮನಾದ್ರ ನಾಳೆ ಇನ್ನೊಬ್ಬರ ಮನ್ಯಾಗ ಹೋದದ್ದಕ್ಕ ಯಾರು ಹೊಣಿ? ಮತ್ತೊಬ್ಬ ಬಣ್ಣದ ಹುಡುಗನ ಮ್ಯಾಲ ಬಂದ್ರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗ ಬೆಂಗಳೂರಿನಿಂದ ಫೋನಿನಲ್ಲಿ, ಸೊಸೈಟಿ ಗ್ರೂಪಿನಲ್ಲಿ ಫೋಟೋ ಸಮೇತ ಹಾಕಿಬಿಡು ಅಮ್ಮ, ಪೊಲೀಸ್ ಗೀಲೀಸ್ ಯಾಕೆ ಎಂದ.

ಶನಿವಾರ ಸಂಜೆ ಒಬ್ಬಳೇ ಪೊಲೀಸ್ ಚೌಕಿಗೆ ಹೋದೆ. ತಕ್ರಾರು ಕೊಡುವುದಕ್ಕಲ್ಲ, ಕೇಳುವುದಕ್ಕೆ. ಒಬ್ಬ ವಯಸ್ಸಾದ ಹವಾಲ್ದಾರರು ಮತ್ತು ಒಬ್ಬ ಎಳೆಯ ಮಹಿಳಾ ಪೊಲೀಸ್ ಇದ್ದರು. ಹೆಸರು, ವಿಳಾಸ ಹೇಳದೆ ಪ್ರಸಂಗವನ್ನಷ್ಟೇ ಹೇಳಿದೆ. ಒಂದು ಎನ್‌ಸಿ, ಅಂದರೆ ಎಫ್‌ಐಆರ್ ಇಲ್ಲದ ಬರೀ ನೋಂದಣಿ, ಬರೆದಿಡಲು ಆಗುತ್ತದೆಯೇ ಎಂದು ಕೇಳಿದೆ. ಪುಣೆಯಲ್ಲಿ ಮೊಬೈಲ್ ಕಳೆದರೂ ಜಗಳವಾದರೂ ಜನ ಮೊದಲು ಹೇಳುವ ಮಾತು ಅದು. ಆ ಹುಡುಗಿ ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು. ಇಂಥ ಕಳ್ಳತನಕ್ಕೆ ಎನ್‌ಸಿ ಇಲ್ಲ, ಬರೆದರೆ ಎಫ್‌ಐಆರೇ. ಮನೆಗೆಲಸದವಳು ಎಂದಮೇಲೆ ಕಲಂ 306. ಏಳು ವರ್ಷದವರೆಗೆ ಶಿಕ್ಷೆ. ಕೂಡಲೇ ಹಿಡಿಯಲೇಬೇಕೆಂದಿಲ್ಲ, ನೋಟಿಸ್ ಕೊಟ್ಟು ಕರೆಯಬಹುದು. ಹಿಡಿದರೆ ಮಾತ್ರ ಜಾಮೀನು ಕೋರ್ಟಿನಲ್ಲೇ ಆಗಬೇಕು. ಹೆಣ್ಣುಮಗಳಾದ್ದರಿಂದ ಸೂರ್ಯ ಮುಳುಗಿದ ಮೇಲೆ ಹಿಡಿದು ತರಲು ಬರುವುದಿಲ್ಲ, ತೀರ ವಿಶೇಷ ಕಾರಣವಿದ್ದರೆ ಮ್ಯಾಜಿಸ್ಟ್ರೇಟರ ಪರವಾನಗಿ ಬೇಕು. "ಆಮೇಲೆ ನಿಮಗೆ ಕನಿಕರ ಬಂದು ಬೇಡ ಎಂದರೂ ನಮ್ಮ ಕೈಯಲ್ಲಿಲ್ಲ ಕಾಕೂ, ರಾಜಿಗೂ ಕೋರ್ಟಿನ ಒಪ್ಪಿಗೆ ಬೇಕು. ಗುಂಡು ಸಿಕ್ಕರೆ ಅವು ಮುದ್ದೇಮಾಲು. ಬಿಡಿಸಿಕೊಳ್ಳಲು ನೀವೂ ಕೋರ್ಟಿಗೆ ಅರ್ಜಿ ಹಾಕಬೇಕು."

ಮುದ್ದೇಮಾಲು. ಅವ್ವನ ಕೊರಳಲ್ಲಿದ್ದದ್ದು ಸೀಲು ಹಾಕಿದ ಲಕೋಟೆಯಲ್ಲಿ ಇರುವುದನ್ನು ನೆನೆಸಿಕೊಂಡೆ.

ನಾನು ಸುಮ್ಮನೆ ಕೂತದ್ದು ನೋಡಿ ಹವಾಲ್ದಾರರು ಕುರ್ಚಿ ಹತ್ತಿರ ಎಳೆದುಕೊಂಡರು. ಕೇಸು ಗೀಸು ಬೇಡ, ಅವಳನ್ನು ಒಂದು ದಿನ ಇಲ್ಲಿ ಕರೆಸಿ ಕೂರಿಸೋಣ, ಎಲ್ಲಾ ತಾನೇ ಹೊರಗೆ ಬರುತ್ತದೆ, ನಿಮಗೂ ತಾಪತ್ರಯ ಇಲ್ಲ ಎಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು, ನನಗೆ ಉಪಕಾರ ಮಾಡುತ್ತಿದ್ದೇನೆಂದೇ ಹೇಳಿದರು. ಆ ಹುಡುಗಿ ತಲೆ ತಗ್ಗಿಸಿ ರಿಜಿಸ್ಟರ್ ತಿರುವತೊಡಗಿದಳು. ನಾನು ವಿಚಾರ ಮಾಡಿ ಹೇಳುತ್ತೇನೆಂದು ಎದ್ದು ಬಂದೆ. ಕಾಗದದ ಮೇಲೆ ಬರೆದ ಕೇಸಿಗೆ ತಾರೀಖು ಇರುತ್ತದೆ, ವಕೀಲರಿರುತ್ತಾರೆ. ಬರೆಯದೆ ಕೂರಿಸುವ ಆ ಒಂದು ದಿನಕ್ಕೆ ಏನಿರುತ್ತದೆ? ಮನೆಗೆ ನಡೆದು ಬರುವಾಗ ಕಾಲು ನಡುಗುತ್ತಿತ್ತು.

ಆ ರಾತ್ರಿ ಫೋನಿನಲ್ಲಿ ಕಾನೂನು ತೆಗೆದು ಓದಿದೆ. 2024ರ ಜುಲೈ 1ರಿಂದ ಐಪಿಸಿಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. 1860ರ ಕಾನೂನಿನಲ್ಲಿ 381 ಆಗಿದ್ದ ಕಲಂ ಇದರಲ್ಲಿ 306, ಶಿಕ್ಷೆ ಅದೇ ಏಳು ವರ್ಷ. ಹೊಸದರಲ್ಲಿ ಸಾದಾ ಕಳ್ಳತನದ ಕಲಮಿಗೆ, ಅಂದರೆ 303ಕ್ಕೆ, ಒಂದು ಮಾತು ಸೇರಿಸಿದ್ದಾರೆ. ಮಾಲಿನ ಬೆಲೆ 5,000ಕ್ಕಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಸಮುದಾಯ ಸೇವೆಯಷ್ಟೇ ಶಿಕ್ಷೆ. 306ರಲ್ಲಿ ಆ ಮಾತಿಲ್ಲ. ನಮ್ಮ ಗುಂಡು ಒಂದೊಂದು ಗ್ರಾಮಿನ ಕಾಲುಭಾಗಕ್ಕೂ ಕಡಿಮೆ, ಆಗಿನ ದರದಲ್ಲಿ ಎರಡು ಸಾವಿರವೂ ಆಗದು. ಹಾದಿಯಲ್ಲಿ ಯಾರೋ ನನ್ನ ಚೀಲದಿಂದ ಎರಡು ಗುಂಡು ಎಗರಿಸಿ ಸಿಕ್ಕಿಬಿದ್ದು ತಿರುಗಿ ಕೊಟ್ಟರೆ ಅವನಿಗೆ ಆ ರಿಯಾಯಿತಿ ಇದೆ. ಅವ್ವನಿಗೆ ಎರೆದವಳು ತೆಗೆದರೆ ಅವಳಿಗಿಲ್ಲ. ನಂಬಿ ಮನೆಯೊಳಗೆ ಬಿಟ್ಟುಕೊಂಡವರು ಕದ್ದರೆ ತಪ್ಪು ದೊಡ್ಡದು ಎನ್ನುವುದು ಕಾನೂನಿನ ವಿಚಾರ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ, ನನಗೆ ನೋವಾದದ್ದೂ ಅದಕ್ಕೇ. ಆದರೆ ಇಷ್ಟು ಅಂತರವೇ?

306 ಶುರುವಾಗುವುದು "ಕ್ಲರ್ಕ್ ಅಥವಾ ನೌಕರ" ಎಂದು. ನಾನೂ ಒಂದು ಪತಸಂಸ್ಥೆಯಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘದಲ್ಲಿ, ಇಪ್ಪತ್ತೆರಡು ವರ್ಷದಿಂದ ಕ್ಲರ್ಕ್. ಕೆಲವು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಒಬ್ಬರ ಕೌಂಟರಿನಲ್ಲಿ 40,000 ಕಡಿಮೆ ಬಂತು. ಅವರೇ ತೆಗೆದದ್ದೆಂದು ಎಲ್ಲರಿಗೂ ಗೊತ್ತಾಯಿತು. ಸಂಬಳದಲ್ಲಿ ಮುರಿದುಕೊಂಡರು, ಒಂದು ಇನ್‌ಕ್ರಿಮೆಂಟು ನಿಲ್ಲಿಸಿದರು, ಅವರು ಅದೇ ಕುರ್ಚಿಯಿಂದ ನಿವೃತ್ತರಾದರು. ನಾವೆಲ್ಲ ಸೇರಿ ಹಾರ ಹಾಕಿ ಶಾಲು ಹೊದಿಸಿದೆವು. ಆವತ್ತು ಒಬ್ಬರ ಬಾಯಲ್ಲೂ ಪೊಲೀಸ್ ಎಂಬ ಶಬ್ದ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. "ಪಾಪ, ಏನೋ ಅಡಚಣಿ ಇದ್ದಿರಬೇಕು" ಎಂದೇ ನಾನು ಅಂದಿದ್ದೆ. ರಾತ್ರಿ ಎರಡು ಗಂಟೆಗೆ ಅದು ನೆನಪಾಗಿ ನಿದ್ದೆ ಹಾರಿಹೋಯಿತು.

ಇನ್ನು ಗ್ರೂಪಿನ ಮಾತು. ನಮ್ಮ ಗೇಟಿನಲ್ಲಿ ಕೆಲಸದವರಿಗೆ ಆ್ಯಪಿನಲ್ಲಿ ಎಂಟ್ರಿ. ಕಮಿಟಿಯವರು ಒಂದು ಗುಂಡಿ ಒತ್ತಿದರೆ ಅವಳು ಗೇಟಿನೊಳಗೆ ಬರುವಂತಿಲ್ಲ, ಐದೂ ಮನೆ ಒಂದೇ ದಿನದಲ್ಲಿ ಹೋಗುತ್ತವೆ. ಫೋಟೋ ಪಕ್ಕದ ಸೊಸೈಟಿಗೆ, ಅಲ್ಲಿಂದ ಧನಕವಡಿಗೆ, ಬಿಬವೇವಾಡಿಗೆ ಹೋಗುತ್ತದೆ. ಆ ಫೋಟೋಕ್ಕೆ ಇಷ್ಟು ವರ್ಷ ಎಂಬ ಗಡುವಿಲ್ಲ. ಮತ್ತು ಅವಳ ಫೋಟೋ ಬಂದ ಮೇಲೆ "ಯಾದಗಿರಿ, ಕಲಬುರ್ಗಿ ಕಡೆಯವರನ್ನು ಇಟ್ಟುಕೊಳ್ಳಬೇಡಿ" ಎಂಬ ಮಾತು ಬಂದೇ ಬರುತ್ತದೆ. ಬಣ್ಣದ ಹುಡುಗನ ವಿಷಯದಲ್ಲಿ "ಆ ಕಡೆಯವರೇ ಹಾಗೆ" ಎಂದು ಲಿಫ್ಟಿನಲ್ಲಿ ನಾನೇ ಒಬ್ಬರಿಗೆ ಹೇಳಿದ್ದೆ.

1980ರಲ್ಲಿ ಮನೆಗೆಲಸದ ಹೆಂಗಸರು ಕೆಲಸ ನಿಲ್ಲಿಸಿ ಬೀದಿಗಿಳಿದು ಸಂಘಟನೆ ಕಟ್ಟಿದ ಊರು ಈ ಪುಣೆ. ಅವರ ಕಲ್ಯಾಣ ಮಂಡಳಿಗೆಂದೇ ಮಹಾರಾಷ್ಟ್ರದಲ್ಲಿ 2008ರ ಕಾನೂನು ಇದೆ. ಆದರೂ ಇಂಥ ಹೊತ್ತಿನಲ್ಲಿ ಎರಡೂ ಕಡೆಯವರನ್ನು ಕೂರಿಸಿ, ತಪ್ಪನ್ನು ತಪ್ಪೆಂದು ಹೇಳಿ, ತಪ್ಪಿನಷ್ಟೇ ದಂಡ ಹಾಕುವ ಒಂದು ಕಟ್ಟೆ ನನಗೆ ಕಾಣಿಸಲಿಲ್ಲ. ಕಂಡದ್ದು ಚೌಕಿ, ಇಲ್ಲವೇ ಗ್ರೂಪು.

ಭಾನುವಾರ ಅವಳೇ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ ಮೂರು ಗುಂಡು ತಾಟಿನಲ್ಲಿ ಇಟ್ಟಳು. ಒಂದಕ್ಕೆ ಸಣ್ಣ ನೆಗ್ಗು ಬಿದ್ದಿತ್ತು, ಒತ್ತೆ ಇಟ್ಟುಕೊಂಡವಳು ಹಲ್ಲಿನಿಂದ ಕಚ್ಚಿ ನೋಡಿದ್ದಳಂತೆ. ಬಿಡಿಸಿಕೊಳ್ಳಲು ತನ್ನ ಕಾಲುಂಗುರ, ಚೈನು ಅಲ್ಲಿಟ್ಟು ಬಂದಿದ್ದಳು. ನಾನು ಆಕೆಯ ಪಾದ ನೋಡಿದೆ, ಬೆರಳಿನ ಸುತ್ತ ಬಿಳಿ ಗುರುತು ಇತ್ತು.

ನಾನು ರಾತ್ರಿಯೆಲ್ಲ ಕೂತು ಕೂಡಿಸಿಟ್ಟಿದ್ದ ಮಾತು ಹೇಳಿದೆ. ಇನ್ನು ನಮ್ಮ ಮನೆಗೆ ಬರಬೇಡ. ನಾನು ಪೊಲೀಸರಿಗೆ ಕೊಡುವುದಿಲ್ಲ, ಗ್ರೂಪಿನಲ್ಲೂ ಹಾಕುವುದಿಲ್ಲ. ಹೋದ ಎರಡು ಗುಂಡಿನ ಲೆಕ್ಕ ಬಿಟ್ಟಿದ್ದೇನೆ, ಮುಂಗಡದ ಬಾಕಿಯನ್ನೂ ಬಿಟ್ಟಿದ್ದೇನೆ. ಆದರೆ ಯಾರಾದರೂ ನನ್ನನ್ನು ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ. ಆರು ವರ್ಷದ ಕೆಲಸವನ್ನೂ ಹೇಳುತ್ತೇನೆ, ಇದನ್ನೂ ಹೇಳುತ್ತೇನೆ. ಮತ್ತೆ ಎರಡನೇ ಮಹಡಿಯ ಅಜ್ಜಿಗೆ ಇವತ್ತೇ ಹೇಳುತ್ತೇನೆ, ಏಕೆಂದರೆ ಎಂಬತ್ತು ದಾಟಿದ ಆ ಜೀವ ಒಂಟಿಯಾಗಿದೆ, ಮನೆಯ ಕೀಲಿಕೈ ನಿನ್ನ ಹತ್ತಿರ ಇದೆ.

"ನಾನೇ ಹೇಳ್ಲಿ ಏನ್ರಿ ಅಜ್ಜಿಗಿ?" ಅಂದಳು.

ಇಬ್ಬರೂ ಕೂಡಿ ಹೋದೆವು. ಅವಳು ತನ್ನ ಮುರುಕು ಮರಾಠಿಯಲ್ಲಿ ಹೇಳಿದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಅಜ್ಜಿ ಎಲ್ಲಾ ಕೇಳಿ, ಕೀಲಿಕೈ ತಿರುಗಿ ಇಸಿದುಕೊಂಡು, ನಾಳೆ ಎಂಟಕ್ಕೆ ಬಾ, ನಾನು ಎದ್ದಿರುತ್ತೇನೆ ಎಂದರು. ಉಳಿದ ಮೂರು ಮನೆಗೆ ನಾನು ಹೇಳಲಿಲ್ಲ. ಅಲ್ಲಿ ಹಗಲೆಲ್ಲ ಜನ ಇರುತ್ತಾರೆ, ಕಪಾಟಿಗೆ ಬೀಗ ಇದೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಅದು ಸರಿಯಲ್ಲ, ಹೇಳುವುದಾದರೆ ಎಲ್ಲರಿಗೂ ಹೇಳಬೇಕಿತ್ತು ಎಂದು ನಮ್ಮವರು ಇವತ್ತಿಗೂ ಅನ್ನುತ್ತಾರೆ. ಈ ವಿಷಯದಲ್ಲಿ ನಾವಿಬ್ಬರೂ ಒಂದು ಮಾತಿಗೆ ಬಂದಿಲ್ಲ.

ಬಣ್ಣದ ಹುಡುಗನಿಗೆ ಮಾಡಿದ ತಪ್ಪನ್ನು ಸರಿಮಾಡಲು ನನಗೆ ಮತ್ತೆ ಎರಡು ವಾರ ಹಿಡಿಯಿತು. ಠೇಕೇದಾರನಿಗೆ ಫೋನು ಮಾಡಿ, ಹುಡುಗನ ತಪ್ಪಿರಲಿಲ್ಲ, ಹಣ ತಿರುಗಿ ಕೊಡುತ್ತೇನೆ ಎಂದರೆ ಅವನು, ಹೋಗಲಿ ಬಿಡಿ ತಾಯಿ, ಆ 3,000 ನಾನು ಅವನ ಪಗಾರದಲ್ಲೇ ಮುರಿದುಕೊಂಡೆ, ನನಗೇನೂ ನಷ್ಟ ಆಗಿಲ್ಲ ಎಂದ. ಆಮೇಲೆ ಅವನನ್ನು ಮನೆಗಳ ಒಳಗಿನ ಕೆಲಸಕ್ಕೂ ಕಳಿಸಿರಲಿಲ್ಲ. ಹುಡುಗ ಈಗ ನಾಸಿಕ್‌ನಲ್ಲಿ ಬೇರೆಯವರ ಹತ್ತಿರ ಇದ್ದಾನೆ. ನಂಬರು ಇಸಿದುಕೊಂಡು ಮಾತಾಡಿದೆ. ನಾನು ಯಾರೆಂದು ಹೇಳುವ ಮೊದಲೇ ಸಹಕಾರನಗರ ಅಂದ ಕೂಡಲೇ ಅವನಿಗೆ ಗೊತ್ತಾಯಿತು. ಮಿಲ್ ಗಯಾ ಕ್ಯಾ ಎಂದು ಕೇಳಿದ. ಹಣ ಕಳಿಸುತ್ತೇನೆ ಎಂದೆ. ಹಣ ಸರಿ ಮ್ಯಾಡಮ್, ಆ ಠೇಕೇದಾರನ ಹತ್ತಿರ ನಮ್ಮೂರಿನ ನಾಲ್ಕು ಹುಡುಗರಿದ್ದಾರೆ, ಅವರೆಲ್ಲರೆದುರು ಒಮ್ಮೆ ಹೇಳಿಸಿ, ಊರಿನಲ್ಲಿ ನನ್ನ ಅಪ್ಪನಿಗೆ ಗೊತ್ತಾಗಿದೆ ಎಂದ. ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ, ಕಾತ್ರಜ್ ಹತ್ತಿರ, ನಾನೇ ಹೋದೆ. ಸುಣ್ಣದ ಧೂಳಿನಲ್ಲಿ ನಿಂತು ಆ ನಾಲ್ವರಿಗೆ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಒಬ್ಬ ಅಲ್ಲಿಂದಲೇ ಅವನಿಗೆ ಫೋನು ಹಚ್ಚಿ ಕೊಟ್ಟ.

ನಾನು ಆವತ್ತು ಮಾಡಿದ ಫೋನೂ ಒಂದು ತಕ್ರಾರೇ. ಅದಕ್ಕೆ ಕಲಂ ಇರಲಿಲ್ಲ, ನಂಬರು ಇರಲಿಲ್ಲ, ಅವನು ಏನು ಹೇಳುತ್ತಾನೆಂದು ಯಾರೂ ಬರೆದುಕೊಳ್ಳಲಿಲ್ಲ. ಅವನನ್ನು ಕೇಳಲಿಲ್ಲ, ಅಷ್ಟೇ.

ಬೋರಮಾಳ ಪೋಣಿಸಿಯಾಯಿತು. ಪಟವೇಗಾರರು 52 ಗುಂಡಿಗೆ ಸರಿಯಾಗಿ ಹಿಂದಿನ ಗೊಂಡೆಯನ್ನು ಒಂದು ಬೆರಳು ಉದ್ದ ಮಾಡಿಕೊಟ್ಟಿದ್ದಾರೆ. ನೆಗ್ಗಿದ ಗುಂಡನ್ನು ಹಿಂದೆ, ಕೂದಲ ಕೆಳಗೆ ಬರುವ ಹಾಗೆ ಹಾಕಿದ್ದಾರೆ.

ಮೊನ್ನೆ ಮಂಗಳವಾರ ಪದ್ಮಾವತಿ ಕಡೆಯಿಂದ ಒಬ್ಬ ಹೆಂಗಸು ಫೋನು ಮಾಡಿದರು. ನಿಮ್ಮಲ್ಲಿ ಕೆಲಸಕ್ಕಿದ್ದವಳು ನಮ್ಮ ಮನೆಗೆ ಕೇಳಿಕೊಂಡು ಬಂದಿದ್ದಾಳೆ, ನಿಮ್ಮ ನಂಬರು ಅವಳೇ ಕೊಟ್ಟಳು, ಹೇಗಿದ್ದಾಳೆ ಎಂದು ಕೇಳಿದರು. ನನ್ನ ನಂಬರನ್ನು ಅವಳೇ ಕೊಟ್ಟಳು ಎಂದು ಕೇಳಿ ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ ಹೇಳಿದೆ. ಆರು ವರ್ಷ ಮಾಡಿದ್ದಾಳೆ, ಕೆಲಸ ಚೊಕ್ಕ, ತಪ್ಪಿಸುವುದು ಕಡಿಮೆ. ನನ್ನ ತಾಯಿಯ ಕೊನೆಗಾಲ ನೋಡಿದವಳು ಅವಳು. ಒಮ್ಮೆ ಬಂಗಾರದ ಗುಂಡು ತೆಗೆದಿದ್ದಳು, ಒಪ್ಪಿಕೊಂಡು ಮೂರು ತಿರುಗಿ ಕೊಟ್ಟಳು. ಕಪಾಟಿಗೆ ಬೀಗ ಹಾಕಿಕೊಳ್ಳಿ, ಮೊದಲೇ ಹೆಚ್ಚಿಗೆ ಮುಂಗಡ ಕೊಡಬೇಡಿ, ಇಟ್ಟುಕೊಳ್ಳಿ. ಆ ಕಡೆ ಸ್ವಲ್ಪ ಹೊತ್ತು ದನಿ ಇಲ್ಲ. ಆಮೇಲೆ, "ಬೇರೆ ಯಾರಾದರೂ ಗೊತ್ತಿದ್ದರೆ ಹೇಳಿ" ಎಂದರು.

ರಾತ್ರಿ ಒಂಬತ್ತಕ್ಕೆ ಅವಳ ಫೋನು ಬಂತು.

"ಹೇಳಿದ್ರಂತಲ್ರಿ ಅಕ್ಕೋರ."

"ಹೇಳೀನಿ."

"ಅವ್ವಾರಿಗಿ ಮಾಡಿದ್ದೂ ಹೇಳಿದ್ರಿ?"

"ಅದನ್ನ ಮೊದ್ಲ ಹೇಳೀನಿ."

ಹಿಂದೆ ಯಾರೋ ಕೊಡಕ್ಕೆ ನೀರು ಹಿಡಿಯುವ ಸಪ್ಪಳ ಕೇಳುತ್ತಿತ್ತು. ಅವಳು ಹೂಂ ಎಂದಳು. ಉಂಡ್ರೇನ್ರಿ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.